ಶ್! ಇದು ಬೇಡಿಕೆಯಲ್ಲಿರುವ ಬಡಾವಣೆ

ನಗರದಲ್ಲಿ ಅತಿ ಶಾಂತವಾದ ಬಡಾವಣೆ ಯಾವುದು ಅಂತ ಗೊತ್ತಾಗಬೇಕಾ? ಡ್ರಿಲ್ಲಿಂಗ್ ಸದ್ದು ಎಲ್ಲಿಂದ ಬರ್ತಿದೆಯೋ ಅಲ್ಲಿಗೆ ಹೋಗಿ. ಹಳೇ ಮನೆ ಕೆಡವುವವರು, ಹೊಸ ಮನೆಗೆ ಪಾಯ ತೋಡುವವರು, ಇರುವ ಮನೆ ಮೇಲೆ ಇನ್ನೊಂದು ಮಹಡಿ ಏರಿಸುವವರು ಎಲ್ಲರೂ ಅಲ್ಲೇ ಸಿಗುತ್ತಾರೆ. ಅಷ್ಟೂ ಜನ ಬಂದಿರುವುದು ನೆಮ್ಮದಿಗಾಗಿ.

ಕೆಲವು ವರ್ಷದ ಹಿಂದೆ ಇದೇ ಜಾಗದ ಹೆಸರು ಹೇಳಿದರೆ ಜನ ಮುಖ ಕಿವುಚುತ್ತಿದ್ದರು. ‘ಅಯ್ಯೋ, ಅಷ್ಟು ದೂರಾನಾ? ಬಸ್ಸೇ ಬರಲ್ವಲ್ಲ!’ ಬಸ್ಸು ಈಗಲೂ ಬರಲ್ಲ. ಆದರೆ ಅದಕ್ಕೀಗ ‘ಟ್ರಾಫಿಕ್ ಕಿರಿಕಿರಿ ಇಲ್ಲ’ ಅನ್ನುತ್ತಾರೆ. ಅಂಗಡಿ ಇಲ್ಲದಿದ್ದರೆ ‘ಪಕ್ಕಾ ರೆಸಿಡೆನ್ಶಿಯಲ್’. ಬೀದಿದೀಪ ಉರಿಯದಿದ್ದರೆ ‘ರಾತ್ರಿ ನಕ್ಷತ್ರ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ!’ ಬ್ರೋಕರ್ ಬಾಯಿಗೆ ಬಿದ್ದರೆ ಇಲ್ಲದ್ದೆಲ್ಲ ಸೌಲಭ್ಯವೇ.

ಮನೆ ತೋರಿಸಲು ಅವನು ಕರೆದುಕೊಂಡು ಹೋಗುವುದು ಭಾನುವಾರ ಬೆಳಿಗ್ಗೆ, ಕೆಲಸಗಾರರ ರಜೆಯ ದಿನ. ಬಾಲ್ಕನಿಯಲ್ಲಿ ನಿಲ್ಲಿಸಿ ಬೆರಳೆತ್ತುತ್ತಾನೆ.

‘ಕೇಳಿಸ್ತಾ ಸರ್?’

‘ಏನು?’

‘ಅದೇ ಸರ್. ಏನೂ ಇಲ್ಲ.’

ಅಷ್ಟರಲ್ಲಿ ಪಕ್ಕದ ಖಾಲಿ ಸೈಟಿನ ಮರದಿಂದ ಒಂದು ಹಕ್ಕಿ ಕೂಗುತ್ತದೆ. ‘ಹಕ್ಕಿನೂ ಇದೆ ಸರ್’ ಅನ್ನುತ್ತಾನೆ, ಅದನ್ನೂ ತಾನೇ ಫಿಟ್ ಮಾಡಿಸಿದ ಹಾಗೆ. ನೀವು ಅಡ್ವಾನ್ಸ್ ಕೊಟ್ಟು ಬರುತ್ತೀರಿ. ಮಧ್ಯಾಹ್ನ ಅವನು ಆ ಮರವಿರುವ ಸೈಟನ್ನು ಇನ್ನೊಬ್ಬರಿಗೆ ತೋರಿಸುತ್ತಾನೆ.

ಈ ವ್ಯಾಪಾರಕ್ಕೆ ವಿಜ್ಞಾನದ ಬೆಂಬಲವೂ ಇದೆ. ರಸ್ತೆಯ ಗದ್ದಲ ಸರಾಸರಿ 53 ಡೆಸಿಬಲ್‌ಗಿಂತ ಕಡಿಮೆ, ರಾತ್ರಿ 45ಕ್ಕಿಂತ ಕಡಿಮೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿನ ದೇಶಗಳಿಗೆ ಸಲಹೆ ಕೊಟ್ಟಿತು. ಡೆಸಿಬಲ್ ಲೆಕ್ಕ ಮಾತ್ರ ಬಹಳ ನಾಜೂಕಿನದು. ರಸ್ತೆಯಲ್ಲಿ ಗಾಡಿಗಳು ದುಪ್ಪಟ್ಟಾದರೆ ಏರುವುದು ಬರೀ 3 ಡೆಸಿಬಲ್. ಕಿವಿಗೆ ಅದು ಗೊತ್ತಾದರೂ ಆಯಿತು, ಇಲ್ಲದಿದ್ದರೂ ಆಯಿತು. ಹಾಗಾಗಿ ‘ನಮ್ಮ ಮೂರು ಕಾರಿಂದ ಏನು ಮಹಾ ಆಗಿಬಿಡುತ್ತೆ?’ ಅಂತ ಕೇಳುವವರು ಸುಳ್ಳು ಹೇಳುತ್ತಿಲ್ಲ. ಗಾಡಿಗಳು ಹತ್ತು ಪಟ್ಟಾದರೆ ಏರಿಕೆ 10 ಡೆಸಿಬಲ್. ಆಗ ಕಿವಿಗೆ ಸದ್ದು ಸುಮಾರು ಎರಡರಷ್ಟಾದ ಹಾಗೆ ಕೇಳಿಸುತ್ತದೆ. ಅಲ್ಲಿಯವರೆಗೆ ಯಾರದ್ದೂ ತಪ್ಪಿಲ್ಲ. ಆಮೇಲೆ ತಪ್ಪೆಲ್ಲ ಎದುರು ಮನೆಯವರದ್ದು.

ಮೊದಲಿಂದ ಇದ್ದವರ ಕಥೆ ಏನು ಅಂತೀರಾ? ಬಡವರ ಬೀದಿಗಳಿಗೆ ಉಳ್ಳವರು ಬಂದು ಸೇರಿ, ಹಳಬರು ಜಾಗ ಬಿಡುವ ಪರಿಯನ್ನು ಲಂಡನ್ನಿನಲ್ಲಿ ಕಂಡ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್, 1964ರಲ್ಲೇ ಅದಕ್ಕೆ ‘ಜೆಂಟ್ರಿಫಿಕೇಶನ್’ ಅಂತ ಹೆಸರಿಟ್ಟರು. ಹೆಸರಿಟ್ಟಿದ್ದರಿಂದ ಬಾಡಿಗೆಯೇನೂ ಇಳಿಯಲಿಲ್ಲ. ಬಡಾವಣೆಯಲ್ಲಿ ನಿಜವಾಗಿ ತಣ್ಣಗೆ ಬದುಕಿದ್ದವರು ಆ ಹಳೇ ಬಾಡಿಗೆದಾರರೇ. ಬಾಡಿಗೆ ಏರಿದಾಗ ಅವರು ಸದ್ದಿಲ್ಲದೆ ಖಾಲಿ ಮಾಡಿಕೊಂಡು ಹೋದರು. ಜಾಹೀರಾತಿನಲ್ಲಿ ಹೊಗಳಿದ ಮೌನ ಅವರದ್ದು. ಅದನ್ನೂ ಅವರು ಸಾಮಾನಿನ ಜೊತೆ ಕಟ್ಟಿಕೊಂಡು ಹೋಗಿರಬೇಕು.

ಶಾಂತಿ ಕಾಪಾಡಲು ಈಗ ನಿವಾಸಿಗಳ ಸಂಘ ಹುಟ್ಟಿದೆ. ಅದು ಮೊದಲು ಮಾಡಿದ ಕೆಲಸ, ಗಾಡಿಗಳ ವೇಗ ತಗ್ಗಿಸಲು ಹಂಪ್ ಹಾಕಿಸಿದ್ದು. ಈಗ ಪ್ರತಿ ಗಾಡಿಯೂ ಹಂಪಿನ ಹತ್ತಿರ ಕಿರ್ರನೆ ಬ್ರೇಕ್ ಹಾಕಿ, ದಡಕ್ಕನೆ ಹಾರಿ, ಗೊರ್ರೆಂದು ಮುಂದೆ ಹೋಗುತ್ತದೆ. ಹಂಪಿನ ಎದುರು ಮನೆಯವರು ಅದನ್ನು ನಾಲ್ಕು ಮನೆ ಆಚೆಗೆ ಸರಿಸಿ ಅಂತ ಅರ್ಜಿ ಕೊಟ್ಟಿದ್ದಾರೆ. ನಾಲ್ಕು ಮನೆ ಆಚೆಯವರು ಸಂಘದ ಖಜಾಂಚಿ. ಅರ್ಜಿ ಪರಿಶೀಲನೆಯಲ್ಲಿದೆ.

ವಾಟ್ಸಾಪ್ ಗುಂಪೂ ಇದೆ. ರಾತ್ರಿ ಹನ್ನೊಂದೂವರೆಗೆ ‘ದಯವಿಟ್ಟು ನಿಶ್ಶಬ್ದ ಕಾಪಾಡಿ’ ಅಂತ ಒಬ್ಬರು ಹಾಕುತ್ತಾರೆ. ಟಿಂಗ್. ಅದಕ್ಕೆ ಮನೆಗೊಂದರಂತೆ ಕೈಮುಗಿಯುವ ಚಿತ್ರ. ಟಿಂಗ್, ಟಿಂಗ್, ಟಿಂಗ್.

ಮೊನ್ನೆ ಸಂಘದ ತುರ್ತು ಸಭೆ ಬಯಲಲ್ಲೇ ನಡೆಯಿತು, ಮೈಕ್ ಹಾಕಿಸಿ. ಎಲ್ಲರಿಗಿಂತ ಜೋರಾಗಿ ಮಾತಾಡಿದವರು ಹೋದ ತಿಂಗಳು ಬಂದವರು. ಅವರ ಮನೆಯ ಪೆಟ್ಟಿಗೆಗಳನ್ನೇ ಇನ್ನೂ ಬಿಚ್ಚಿಲ್ಲ. ‘ಈ ಬಡಾವಣೆ ಮುಂಚೆ ಹೀಗಿರಲಿಲ್ಲ! ಇನ್ನು ಹೊಸಬರನ್ನ ಬಿಡಲೇಬಾರದು!’ ಅಂದರು. ಜೋರು ಚಪ್ಪಾಳೆ. ಚಪ್ಪಾಳೆ ತಟ್ಟಿದವರಲ್ಲಿ ಹೋದ ವರ್ಷ ಬಂದವರೇ ಜಾಸ್ತಿ.

ಕೊನೆಗೆ ನಿರ್ಣಯ ಓದಿದರು: ಬಡಾವಣೆಯಲ್ಲಿ ಇನ್ನು ಮುಂದೆ ಡ್ರಿಲ್ಲಿಂಗ್, ಟೈಲ್ಸ್ ಕತ್ತರಿಸುವುದು, ಸುತ್ತಿಗೆ ಹೊಡೆತ ಎಲ್ಲ ಬಂದ್. ಯಾವತ್ತಿಂದ ಅಂತ ಯಾರೋ ಕೇಳಿದರು. ‘ನಮ್ಮ ಎರಡನೇ ಮಹಡಿ ಒಂದು ಮುಗೀಲಿ’ ಅಂದರು ಒಬ್ಬರು. ‘ನಮ್ಮ ಬಾತ್‌ರೂಮ್ ಟೈಲ್ಸ್ ಆಗಿಬಿಡ್ಲಿ’ ಅಂದರು ಇನ್ನೊಬ್ಬರು. ‘ನಾವಿನ್ನೂ ಪ್ಲಾನ್ ಹಾಕಿಸ್ತಾ ಇದೀವಿ’ ಅಂದರು ಅಧ್ಯಕ್ಷರು. ಎಲ್ಲರ ಕೆಲಸ ಮುಗಿದ ಮಾರನೇ ದಿನದಿಂದ ಜಾರಿ ಅಂತ ತಿದ್ದಿಕೊಂಡು, ನಿರ್ಣಯವನ್ನು ಸರ್ವಾನುಮತದಿಂದ ಪಾಸು ಮಾಡಲಾಯಿತು.