ಗಜನಿಯ ಬಾಗಿಲಲ್ಲಿ ಸಿಕ್ಕಿಬೀಳುವ ಸಿಗಡಿ

ಕುಮಟಾ ಕಡೆಯ ಗಜನಿಯನ್ನು ಕಾಣದವರಿಗೆ ಮೊದಲೇ ಹೇಳಿಬಿಡುತ್ತೇನೆ, ಅದು ಗದ್ದೆಯೂ ಹೌದು, ಮೀನಿನ ಕೊಳವೂ ಹೌದು. ಮಳೆಗಾಲದಲ್ಲಿ ಅಘನಾಶಿನಿಯ ನೀರಿನ ಉಪ್ಪು ಇಳಿದಾಗ ಅಲ್ಲಿ ಕಗ್ಗ ಬತ್ತ ಬೆಳೆಯುತ್ತದೆ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿಗೇ ಬಿಟ್ಟು, ಗಜನಿಯನ್ನು ಹೊಳೆಯಿಂದ ಬೇರ್ಪಡಿಸುವ ಮಣ್ಣಿನ ಕಟ್ಟಿನ ಬಾಗಿಲು ತೆರೆದರೆ, ಉಬ್ಬರದ ಜೊತೆ ಸಿಗಡಿಯ ಮರಿಗಳೂ ನೊಗಲಿಯಂಥ ಮೀನುಗಳೂ ಒಳಬಂದು, ಕೊಳೆತ ಹುಲ್ಲಿನ ನಡುವೆ ತಾವಾಗಿಯೇ ಬೆಳೆಯುತ್ತವೆ. ಮರಿ ತಂದು ಬಿಟ್ಟವರಿಲ್ಲ, ಮೇವು ಹಾಕಿದವರಿಲ್ಲ.

ಹಾಗಾಗಿಯೇ ಸಾಕಣೆ ಬೇರೆ, ಮೀನುಗಾರಿಕೆ ಬೇರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಿಗಡಿ ಮೊಟ್ಟೆಯಿಡುವುದು ಕಡಲಲ್ಲಿ. ಮರಿ ಬೆಳೆಯುವುದು ಅಳಿವೆಯಲ್ಲಿ. ಬಲಿತ ಮೇಲೆ ಅದು ಮತ್ತೆ ಕಡಲಿಗೇ ಹೊರಡುತ್ತದೆ. ಅಳಿವೆಯಾಚೆ ನಾಡದೋಣಿಯಲ್ಲಿ ಕಾಯುವವನ ಪಾಲು ಗಜನಿಯ ಬಾಗಿಲನ್ನು ದಾಟಿಯೇ ಬರಬೇಕು. ಗಜನಿಯ ಮೀನಿನ ಹಕ್ಕು ಹರಾಜಿನಲ್ಲಿ ಒಬ್ಬ ಗುತ್ತಿಗೆದಾರನ ಕೈಗೆ ಹೋದಮೇಲೆ, ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಇಳಿತಗಳಲ್ಲಿ ಆ ಬಾಗಿಲಿಗೆ ಸಣ್ಣ ಕಣ್ಣಿನ ಚೀಲಬಲೆ ಬೀಳುತ್ತದೆ. ಒಮ್ಮೆ ಬೆಳಗಿನ ಜಾವ ನಿಂತು ನೋಡಿದ್ದೇನೆ: ಬಲೆ ಬಿಚ್ಚಿ ಸುರಿದ ರಾಶಿಯಲ್ಲಿ ಮಾರುವಂಥ ಸಿಗಡಿ ಅರ್ಧವೂ ಇರಲಿಲ್ಲ; ಉಳಿದದ್ದು ಬೆರಳಿನ ಗೆಣ್ಣಿಗಿಂತ ಚಿಕ್ಕ ಮರಿ, ಕಟ್ಟಿನ ಮೇಲೆ ಹಾಗೇ ಒಣಗುತ್ತಿತ್ತು. ಮುಂದಿನ ವರ್ಷ ತನ್ನದೇ ಗಜನಿಗೆ ಬರಬೇಕಾದ ಬಿತ್ತನೆಯ ತಾಯಿಯೂ ಆ ರಾಶಿಯಲ್ಲಿತ್ತು ಎಂಬುದು ಗುತ್ತಿಗೆದಾರನಿಗೆ ತಿಳಿಯದ ಸಂಗತಿಯೇನಲ್ಲ, ಆದರೆ ಅವನ ಗುತ್ತಿಗೆ ಅಷ್ಟು ದೂರ ಇರುವುದಿಲ್ಲ.

ಕಾನೂನು ಈ ಬಾಗಿಲಿನ ತನಕ ಬಂದದ್ದು ಕಡಿಮೆ. ಬಿಳಿಚುಕ್ಕೆ ರೋಗ 1994-95ರ ಹೊತ್ತಿಗೆ ದೇಶದ ಕರಾವಳಿಯ ಸಿಗಡಿ ಹೊಂಡಗಳನ್ನು ಹಾಳುಗೆಡವಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್, ಕರಾವಳಿ ನಿಯಂತ್ರಣ ವಲಯದ ಹೊಂಡಗಳನ್ನು ತೆಗೆಸಲು ಆದೇಶಿಸಿ, ಸಾಂಪ್ರದಾಯಿಕ ಪದ್ಧತಿಗೂ ಅದರ ಸುಧಾರಿತ ರೂಪಕ್ಕೂ ವಿನಾಯಿತಿ ಕೊಟ್ಟಿತು. ವಿನಾಯಿತಿ ಸರಿಯಾದದ್ದೇ. ಆದರೆ ಸಾಂಪ್ರದಾಯಿಕ ಎನ್ನುವಾಗ ನಾವು ನೋಡುವುದು ನೀರು, ಮೇವು, ಮರಿಗಳ ದಟ್ಟಣೆಯನ್ನು ಮಾತ್ರ. ಹಿಂದೆ ಅಲ್ಲಿ ಯಾರು ಬಲೆ ಹಾಕುತ್ತಿದ್ದರು, ಈಗ ಯಾರು ದಂಡೆಯಲ್ಲಿ ನಿಂತಿದ್ದಾರೆ ಎಂದು ಕೇಳುವುದಿಲ್ಲ.

ಗುತ್ತಿಗೆದಾರನನ್ನೇ ದೂರಿದರೂ ತಪ್ಪಾಗುತ್ತದೆ. ಕಟ್ಟು ಒಡೆದರೆ ಮಣ್ಣು ಹಾಕಿಸಲು ಗದ್ದೆಯವರ ಬಳಿ ದುಡ್ಡಿಲ್ಲ, ಕಗ್ಗಕ್ಕೆ ಕೂಲಿಯವರು ಸಿಗುವುದಿಲ್ಲ. ಗುತ್ತಿಗೆಯ ಹಣ ಬಾರದಿದ್ದರೆ ಗಜನಿಯೇ ಉಳಿಯುವುದಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ನನ್ನ ಬೇಡಿಕೆ ಚಿಕ್ಕದು: ಹರಾಜಿನ ಕರಾರಿನಲ್ಲೇ ಬಲೆಯ ಕಣ್ಣಿನ ಅಳತೆ ಬರೆಯಲಿ, ಪ್ರತಿ ಪಕ್ಷದಲ್ಲಿ ಕೆಲವು ಇಳಿತಗಳಿಗಾದರೂ ಬಾಗಿಲಿಗೆ ಬಲೆ ಬೀಳದಿರಲಿ, ಬುಟ್ಟಿ ಹಿಡಿದು ಬರುವ ಹೆಂಗಸರಿಗೆ ಗಜನಿಯ ಅಂಚನ್ನು ಬಿಟ್ಟುಕೊಡಲಿ. ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಈ ಅಳಿವೆಯಲ್ಲಿ ಇಷ್ಟು ಬರೆಸಲು ಹೊಸ ಕಾಯ್ದೆ ಬೇಕಿಲ್ಲ. ಹರಾಜಿನ ದಿನ ಊರಿನವರು ಆ ಸಭೆಗೆ ಹೋಗಿ ಕೂರಬೇಕು.