ಕಣ್ಣಿಗೊಂದು ಉಂಗುರ

ಮಾವನವರ ಎಡಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್‌ಗೆ ಮುಂಚಿನ ಚೆಕಪ್‌ಗೆ ಜಯನಗರದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದವಳು ನಾನು. ನನಗೂ ವಯಸ್ಸು 47, ಸೂಜಿಗೆ ದಾರ ಪೋಣಿಸೋಕಾಗ್ತಿಲ್ಲ. ಒಂದೇ ಆಟೋ ಖರ್ಚಲ್ಲಿ ಎರಡು ಕೆಲಸ ಆಗಲಿ ಅಂತ ನನ್ನ ಹೆಸರನ್ನೂ ಬರೆಸಿಬಿಟ್ಟೆ. ಬೆಂಗಳೂರಲ್ಲಿ ಆಟೋ ಹತ್ತಿದವರು ಇದನ್ನು ಜಿಪುಣತನ ಅನ್ನಲಾರರು.

"ಏನೇನು ಮಾತ್ರೆ ತಗೋತೀರಿ?" ಡಾಕ್ಟರು ಮಾವನವರನ್ನು ಕೇಳಿದರು.

"ಬೀಪಿ, ಶುಗರ್. ಅಷ್ಟೇ." ಅಷ್ಟೇ ಅನ್ನುವಾಗ ಒಮ್ಮೆ ನನ್ನ ಕಡೆ ನೋಡಿದರು. ಯಾಕೆ ಅಂತ ನನಗಾಗ ಹೊಳೆಯಲಿಲ್ಲ.

ಆಮೇಲೆ ಶುರುವಾಯಿತು ಡ್ರಾಪ್ಸ್. "ಮೇಲೆ ನೋಡಿ ಅಮ್ಮ" ಅಂದ ಸಿಸ್ಟರು ಕೆಳರೆಪ್ಪೆ ಎಳೆದು ಒಂದು ಹನಿ ಬಿಟ್ಟರೆ ಕಣ್ಣಿಗೆ ಈರುಳ್ಳಿ ಹಿಂಡಿದ ಹಾಗೆ. ಅದರಲ್ಲಿ ಎರಡು ಔಷಧಿ: ಟ್ರಾಪಿಕಮೈಡ್ ಪಾಪೆ ಮುಚ್ಚುವ ಸ್ನಾಯುವನ್ನು ಮಲಗಿಸುತ್ತದೆ, ಫಿನೈಲೆಫ್ರಿನ್ ತೆರೆಯುವ ಸ್ನಾಯುವನ್ನು ಎಬ್ಬಿಸುತ್ತದೆ. ಪಾಪೆ ಅಗಲವಾದರೆ ತಾನೇ ಹಿಂದಿರುವ ಪೊರೆ ಕೈಗೆ ಸಿಗೋದು? ಸಾಲಾಗಿ ಕೂತು ಕಣ್ಣು ಮುಚ್ಚಿದ ನಮ್ಮನ್ನು ನೋಡಿದವರು ಧ್ಯಾನ ಶಿಬಿರ ಅಂದುಕೊಂಡಿರಬೇಕು.

ಮೂರು ಸುತ್ತು ಹನಿ ಬಿದ್ದರೂ ಮಾವನವರ ಪಾಪೆ ಮೆಣಸಿನ ಕಾಳಿನಷ್ಟೇ. "ಶುಗರ್ ಇದ್ದವರಿಗೆ ಹೀಗಾಗುತ್ತೆ" ಅಂತ ಸಿಸ್ಟರು ನಾಲ್ಕನೇ ಸಲ ಬಾಟಲಿ ತಂದರು. ಅಷ್ಟರಲ್ಲಿ ಅತ್ತೆಯ ಫೋನು. ನನ್ನ ಪಾಪೆಗಳು ಅಗಲವಾಗಿ ಸ್ಕ್ರೀನೆಲ್ಲ ಹಾಲಿನ ಮಂಜು. ತಡವಿ ಯಾವುದೋ ಗುಂಡಿ ಒತ್ತಿದೆ. ಸ್ಪೀಕರ್ ಆನ್ ಆಯಿತು.

"ರಾತ್ರಿ ನಾಲ್ಕು ಸಲ ಒಂದಕ್ಕೆ ಏಳ್ತಾರಲ್ಲ, ಆ ಮಾತ್ರೆ ವಿಷಯ ಹೇಳಿದ್ರಂತೇನೆ?"

ಸಾಲಲ್ಲಿ ಕೂತಿದ್ದವರೆಲ್ಲ ಕಣ್ಣು ತೆರೆದರು. ಮಾವನವರೊಬ್ಬರೇ ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡರು.

ಸಿಸ್ಟರು ಫೈಲಲ್ಲಿ ಬರೆದುಕೊಂಡು ಓಡಿದರು. "ಸೊಸೆ ಮುಂದೆ ಹೇಗಮ್ಮಾ ಹೇಳೋದು? ಕಣ್ಣಿಗೂ ಅದಕ್ಕೂ ಏನು ಸಂಬಂಧ?" ಮಾವ ಗೋಡೆಯ ಕಡೆ ತಿರುಗಿ ಗೊಣಗಿದರು.

ಸಂಬಂಧ ಇತ್ತು. ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ತೊಂದರೆಗೆ ಕೊಡುವ ಆ ಟ್ಯಾಮ್ಸುಲೋಸಿನ್ ಮಾತ್ರೆ ಮೂತ್ರಕೋಶದ ಬಾಯನ್ನು ಸಡಿಲಿಸುವ ಹಾಗೆಯೇ ಪಾಪೆ ತೆರೆಯುವ ಸ್ನಾಯುವನ್ನೂ ಸಡಿಲಿಸುತ್ತದಂತೆ. ಆಪರೇಷನ್ ನಡುವೆ ಪಾಪೆಯ ಸುತ್ತಲಿನ ಬಣ್ಣದ ಪರದೆ, ಅಂದರೆ ಐರಿಸ್, ಗಾಳಿಗೆ ಸಿಕ್ಕ ಶಾಮಿಯಾನದ ಹಾಗೆ ಪಟಪಟ ಅಲ್ಲಾಡಿ ಪಾಪೆ ಮತ್ತೆ ಕಿರಿದಾಗಬಹುದು. ಅಮೆರಿಕದ ಇಬ್ಬರು ಡಾಕ್ಟರುಗಳು 2005ರಲ್ಲಿ ಇದನ್ನು ಪತ್ತೆ ಹಚ್ಚಿದ್ದು. ಈಗ ಮಾತ್ರೆ ಬಿಟ್ಟರೂ ಗ್ಯಾರಂಟಿಯಿಲ್ಲ. ಮೊದಲೇ ಗೊತ್ತಿದ್ದರೆ ಮಾತ್ರ ತಯಾರಿ ಮಾಡ್ಕೋಬಹುದು ಅಂದರು ಡಾಕ್ಟರು. ಕಣ್ಣೊಳಗೇ ಇಂಜೆಕ್ಷನ್, ಸಾಲದಿದ್ದರೆ ಕೊಕ್ಕೆ, ಇಲ್ಲವೇ ರಿಂಗು.

"ಕೊಕ್ಕೆನಾ? ನಾನೇನು ಮೀನಾ?" ಅಂದರು ಮಾವ.

ಆಪರೇಷನ್ ದಿನ ರಿಂಗೇ ಬೇಕಾಯಿತು. ಹೆಸರಿಗೆ ರಿಂಗು, ಆಕಾರ ಚೌಕ, ಮೂಲೆಗೊಂದು ಸುರುಳಿ. 6.25 ಮಿಲಿಮೀಟರ್ ಅಗಲಕ್ಕೆ ಪಾಪೆಯನ್ನು ಹಿಡಿದಿಟ್ಟು, ಹೊಸ ಲೆನ್ಸ್ ಕೂತ ಮೇಲೆ ತೆಗೆದುಬಿಡುತ್ತಾರೆ. ಎಲ್ಲ ಸುಸೂತ್ರ ಆಯಿತು.

ಮನೆಗೆ ಬಂದ ಮೇಲೆ ಅತ್ತೆ ಕನ್ನಡಕ ಏರಿಸಿ ಬಿಲ್ ಓದಿದರು. ರಿಂಗ್ ಅನ್ನುವ ಸಾಲಿನ ಮೇಲೆ ಬೆರಳು ನಿಂತಿತು.

"ಮದುವೆಯಾಗಿ ಐವತ್ತೆರಡು ವರ್ಷ, ನನಗೊಂದು ಉಂಗುರ ಕೊಡಿಸಲಿಲ್ಲ. ಇವರ ಕಣ್ಣಿಗೆ ನೋಡು! ಅದನ್ನೂ ಹಾಕಿದ ಹಾಗೇ ಬಿಚ್ಚಿಟ್ಟು ಬಂದಿದ್ದಾರೆ."