ತೇರಿನ ಮರುದಿನ ಅಲ್ಲ, ಅದರ ಮರುದಿನ

ಈ ಸಲ ತೋಂಟದಾರ್ಯ ಮಠದ ಜಾತ್ರೆಗೆ ಅಂತಲೇ ರಜೆ ಹಾಕಿ ಗದಗಿಗೆ ಬಂದಿದ್ದೆ. ತೇರಿಗೆ ತಂಗಿಯೂ ನಮ್ಮ ಜೊತೆ ಬಂದಳು. ಬಳೆ ಇಡಿಸಿಕೊಂಡಳು, ಗಿರ್ಮಿಟ್ ಮಿರ್ಚಿ ತಿಂದಳು, ನಕ್ಕಳು. ಮರುದಿನವೂ ಆರಾಮಾಗಿಯೇ ಇದ್ದಳು. ಅದರ ಮರುದಿನ ಏಳಲೇ ಇಲ್ಲ. ಕೂತು ಹಲ್ಲುಜ್ಜುವಷ್ಟೂ ತ್ರಾಣವಿಲ್ಲ, ಕಿಟಕಿಯ ಬೆಳಕು ಬೇಡ, ಮಾತು ಬೇಡ. ಅಷ್ಟೊತ್ತಿಗೆ ಕಾಕಾ ಬಂದರು. "ಜಾತ್ರ್ಯಾಗ ಓಡ್ಯಾಡಾಕ ಶಕ್ತಿ ಇತ್ತು, ಸಾಲಿಗೆ ಹೋಗಾಕ ಇಲ್ಲೇನವಾ?" ಅಂದರು. ಅವಳು ಗೋಡೆ ಕಡೆ ಹೊರಳಿದಳು. ಇಂಗ್ಲೆಂಡಿನ ಲೀಡ್ಸಿಗೆ ವಾಪಸ್ ಬಂದರೂ ಆ ಮಾತು ನನ್ನನ್ನು ಚುಚ್ಚುತ್ತಲೇ ಇದೆ.

ಎರಡು ವರ್ಷದ ಹಿಂದೆ ಅವಳಿಗೆ ಡೆಂಗಿ ಬಂತು. ಜ್ವರ ಹೋಯಿತು, ಸುಸ್ತು ಹೋಗಲಿಲ್ಲ. ರಕ್ತದ ರಿಪೋರ್ಟ್ ಎಲ್ಲಾ ನಾರ್ಮಲ್. ಟಾನಿಕ್ ಕುಡಿದದ್ದಾಯಿತು, ಹರಕೆ ಹೊತ್ತದ್ದಾಯಿತು. ಕೊನೆಗೆ ಹುಬ್ಬಳ್ಳಿಯ ಒಬ್ಬ ಡಾಕ್ಟರು ಇದು ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ಬಹುಕಾಲ ಬಿಡದ ವಿಪರೀತ ಸುಸ್ತಿನ ಕಾಯಿಲೆ ಅಂದರು. ಇದನ್ನು ಹಿಡಿದು ತೋರಿಸುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ, ಲಕ್ಷಣ ನೋಡಿಯೇ ಹೇಳಬೇಕು. ಮೈ ಇವತ್ತು ದಣಿದರೆ ಪೆಟ್ಟು ಬೀಳುವುದು ಒಂದೆರಡು ದಿನ ಬಿಟ್ಟು. ನಿದ್ದೆ ಮಾಡಿದರೂ ಆಯಾಸ ಹೋಗುವುದಿಲ್ಲ. ಗಣಿತದ ಟೀಚರ್ ಅವಳು, ಬೋರ್ಡಿನ ಮುಂದೆ ನಿಂತು ಏಳೆಂಟಲೆ ಎಷ್ಟು ಅಂತ ಹೊಳೆಯದೆ ಮಕ್ಕಳ ಮುಂದೆ ಕಣ್ಣೀರು ಹಾಕಿದ್ದಳಂತೆ. ಅರ್ಧ ದಿನದ ಕೆಲಸ ಕೊಡಿ, ಕೂತು ಪಾಠ ಮಾಡುತ್ತೇನೆ ಅಂತ ಕೇಳಿದಳು. ಅಂಥ ಪದ್ಧತಿ ನಮ್ಮಲ್ಲಿಲ್ಲ ಅಂದರು ಶಾಲೆಯವರು. ಕೆಲಸ ಹೋಯಿತು.

ಇಲ್ಲಿ ನನ್ನ ಆಫೀಸಿನಲ್ಲಿ ಒಬ್ಬರಿಗೆ ಇದೇ ಕಾಯಿಲೆ. ಡಾಕ್ಟರು ಕೊಡುವ ಫಿಟ್ ನೋಟ್ ಅನ್ನೋ ಚೀಟಿಯಲ್ಲಿ 'ಕಡಿಮೆ ಗಂಟೆ ಆದರೆ ಕೆಲಸ ಮಾಡಬಹುದು' ಅಂತ ಬರೆಯುವುದಕ್ಕೂ ಜಾಗವಿದೆ. ತೊಂದರೆ 12 ತಿಂಗಳು ದಾಟಿದ್ದರೆ ಅಥವಾ ದಾಟುವಂತಿದ್ದರೆ 2010ರ ಸಮಾನತೆ ಕಾಯಿದೆ ಅದನ್ನು ಅಂಗವೈಕಲ್ಯ ಅಂತ ಪರಿಗಣಿಸಬಹುದು, ಆಗ ಮಾಲೀಕರು ಕೆಲಸವನ್ನು ಕೈಲಾದಷ್ಟು ಹೊಂದಿಸಿಕೊಡಲೇಬೇಕು. ಅವರು ವಾರಕ್ಕೆ ಮೂರು ದಿನ, ಮನೆಯಿಂದಲೇ ಕೆಲಸ ಮಾಡುತ್ತಾರೆ. ಮಧ್ಯಾಹ್ನ ಎರಡು ಗಂಟೆ ಮಲಗುತ್ತಾರೆ, ಯಾರೂ ಯಾಕೆ ಅಂತ ಕೇಳುವುದಿಲ್ಲ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯ ಇವೆ, ಈ ಕಾಯಿಲೆಯ ಹೆಸರಿಲ್ಲ. ಆದರೆ ನನಗೆ ಸಿಟ್ಟು ಕಾಯಿದೆಯ ಮೇಲಲ್ಲ. ನಮ್ಮ ಕಡೆ ಪ್ಲಾಸ್ಟರ್ ಹಾಕಿದ ಕಾಲಿಗೆ ಮಾತ್ರ ಮರ್ಯಾದೆ. ಹೆಣ್ಣುಮಗಳು ಹಗಲು ಮಲಗಿದರೆ ಮೈಗಳ್ಳಿ, ನೋಡಲು ಗಟ್ಟಿಯಾಗಿದ್ದರಂತೂ ಕೇಳುವುದೇ ಬೇಡ. ದುಡಿಮೆಯೇ ದೊಡ್ಡದು ಅಂತ ಬೆಳೆದ ಊರು ನಮ್ಮದು, ದುಡಿಯಬೇಕು ಅಂತ ಒದ್ದಾಡುವವಳ ಸಂಕಟ ಯಾಕೆ ಕಾಣುವುದಿಲ್ಲ?

ಇಲ್ಲೂ ಎಲ್ಲಾ ಸರಿ ಇಲ್ಲ, ಅದನ್ನೂ ಹೇಳಬೇಕು. ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಜಾಸ್ತಿ ಮಾಡಿ, ಸರಿಹೋಗುತ್ತೆ ಅಂತ ಇಲ್ಲಿಯ ಡಾಕ್ಟರುಗಳೇ ವರ್ಷಗಟ್ಟಲೆ ಹೇಳುತ್ತಿದ್ದರು. 2021ರ ಅಕ್ಟೋಬರಿನಲ್ಲಿ ಬಂದ ಹೊಸ ಮಾರ್ಗಸೂಚಿ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ನನ್ನ ಸಹೋದ್ಯೋಗಿ ನಡೆದು ನಡೆದು ಇನ್ನಷ್ಟು ಕುಸಿದಿದ್ದರು. ಅವರು ಒಬ್ಬರೇ ಇರುತ್ತಾರೆ, ಏಳಲಾಗದ ದಿನ ನೀರು ಕೊಡುವವರೂ ಇಲ್ಲ. ತಂಗಿಗೆ ಅವ್ವ ತಲೆ ಬಾಚುತ್ತಾಳೆ, ಪಕ್ಕದ ಮನೆ ದೊಡ್ಡವ್ವ ಬಿಸಿ ನುಚ್ಚು ಕಳಿಸುತ್ತಾರೆ. ಡೆಂಗಿ ಬಂದಾಗ ನಾಲ್ಕು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವರು ಇದೇ ಕಾಕಾ.

ಮೊನ್ನೆ ಕಾಕಾಗೆ ಫೋನ್ ಮಾಡಿ ಒಂದು ತಾಸು ಮಾತಾಡಿದೆ. "ಹಂಗಾರ ಅದು ಖರೇನ ಬ್ಯಾನಿ ಏನಪಾ?" ಅಂತ ಎರಡು ಸಲ ಕೇಳಿದರು. ಶಾಲೆಗೆ ತಂಗಿಯ ಹೆಸರಲ್ಲಿ ಮತ್ತೊಂದು ಅರ್ಜಿ ಬರೆದಿದ್ದೇವೆ. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಪಿರಿಯಡ್, ಕೂರಲು ಒಂದು ಕುರ್ಚಿ. ಅರ್ಜಿ ಕೊಟ್ಟು ಬಂದದ್ದು ಕಾಕಾನೇ.